ಕತ್ತಲೆಗೆ ಮೊದಲ ಬಹುಮಾನ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಜೊತೆ ಕರಿ ಪರದೆ. ಮ್ಯಾಕಲ್ಸ್‌ಫೀಲ್ಡ್‌ನ ಒಂದು ಔಷಧ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವ ನಮ್ಮ ಮೃತ್ಯುಂಜಯ ಹಗಲು ಮಲಗಬೇಕಲ್ಲ? ಇಂಗ್ಲೆಂಡಿನ ಜೂನ್ ತಿಂಗಳ ಸೂರ್ಯ ಒಂದು ಥರ ನಾಚಿಕೆಗೆಟ್ಟ ನೆಂಟ. ನಸುಕಿಗೇ ಬಂದು ಕೂತರೆ ರಾತ್ರಿ ಊಟ ಆದಮೇಲೂ ಎದ್ದು ಹೋಗುವುದಿಲ್ಲ. ಅದಕ್ಕೇ ಹೆಂಡತಿ ಗೌರಿ ಮ್ಯಾಂಚೆಸ್ಟರ್‌ನ ಬಟ್ಟೆ ಅಂಗಡಿಗಳನ್ನೆಲ್ಲ ಸುತ್ತಿ, ದಪ್ಪ ಕರಿ ಬಟ್ಟೆ ತಂದು, ಎರಡು ಪದರ ಮಾಡಿ ಹೊಲಿದುಕೊಟ್ಟಿದ್ದಳು. ಎಳೆದರೆ ಸಾಕು, ಮಟಮಟ ಮಧ್ಯಾಹ್ನ ಅಮಾವಾಸ್ಯೆ.

ಆ ಶನಿವಾರದ ನಿದ್ದೆ ಮಾತ್ರ ಅಂತಿಂಥ ನಿದ್ದೆಯಲ್ಲ. ಹಿಂದಿನ ವಾರ ಮೃತ್ಯುಂಜಯ ಮಾತ್ರೆಯ ಯಂತ್ರದ ಮುಂದೆ ನಿಂತುಕೊಂಡೇ ತೂಕಡಿಸಿ ಮ್ಯಾನೇಜರನ ಕೈಗೆ ಸಿಕ್ಕಿಬಿದ್ದಿದ್ದ. "ಶನಿವಾರ ರಾತ್ರಿ ನಾನೇ ಬಂದು ನಿನ್ನ ಪಕ್ಕ ನಿಲ್ಲುತ್ತೇನೆ. ಇನ್ನೊಂದು ಸಲ ಕಣ್ಣು ಮುಚ್ಚಿದರೆ ಕೆಲಸ ಇಲ್ಲ," ಎಂದಿದ್ದ ಆ ಪುಣ್ಯಾತ್ಮ. ಕೆಲಸ ಹೋದರೆ ವೀಸಾ ಹೋಗುತ್ತೆ, ವೀಸಾ ಹೋದರೆ ಗಂಡ, ಹೆಂಡತಿ, ಮಗಳು ಮೂವರೂ ಗಂಟುಮೂಟೆ ಕಟ್ಟಬೇಕು.

ಇನ್ನು ಮೃತ್ಯುಂಜಯನ ವಿದೇಶಾಂಗ ನೀತಿ. ದೇಶಗಳಿಗೆ ಇರುವ ಹಾಗೆ ಅವನಿಗೂ ಒಂದಿತ್ತು: ಯಾರು ಏನೇ ಕೇಳಲಿ, "ಯೆಸ್, ಯೆಸ್, ಲವ್ಲಿ." ಎಡಗಡೆ ಮನೆಯ ಡೆರೆಕ್‌ಗೂ ಬಲಗಡೆ ಮನೆಯ ಪಾಲಿನ್‌ಗೂ ಮೂರು ವರ್ಷದಿಂದ ಮಾತಿಲ್ಲ. ಜಗಳ ಯಾತಕ್ಕೆ ಅಂತೀರಿ? ಕಾರು ನಿಲ್ಲಿಸುವ ಒಂದು ಜಾಗಕ್ಕೆ. ಆ ಜಾಗ ಇರುವುದು ಮೃತ್ಯುಂಜಯನ ಮನೆ ಮುಂದೆ! ಇಬ್ಬರೂ ಬಂದು ಕೇಳಿದರು, ಇಬ್ಬರಿಗೂ "ಲವ್ಲಿ" ಎಂದ. ತನ್ನ ಕಾರನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸಿ ನಡೆದು ಬರುತ್ತಾನೆ. ಇದಕ್ಕೆ ತಟಸ್ಥ ನೀತಿ ಅಂತ ಅವನ ವಿವರಣೆ. ಗೌರಿ ಬೇರೆ ಹೆಸರು ಹೇಳುತ್ತಾಳೆ, ಅದನ್ನು ಇಲ್ಲಿ ಬರೆಯುವುದು ಬೇಡ.

ಅವತ್ತು ಬೀದಿಯಲ್ಲಿ 'ಯುದ್ಧಕಾಲದ ದಿನ'. ಎರಡನೇ ಮಹಾಯುದ್ಧದಲ್ಲಿ ಇಲ್ಲಿನ ಮನೆಮನೆಯವರು ಹೇಗೆ ಬದುಕಿದ್ದರು ಅಂತ ನೆನೆಯುವ ಹಬ್ಬ. ಮೇಲಿಂದ ಬಾಂಬು ಹಾಕುವವರಿಗೆ ಊರು ಕಾಣಬಾರದೆಂದು ಕಿಟಕಿಗೆಲ್ಲ ಕರಿ ಬಟ್ಟೆ, ಅಳೆದು ತೂಗಿ ರೇಷನ್ನು, ಬಾಂಬಿನಿಂದ ಪಾರಾಗಲು ಕೊರಳಲ್ಲಿ ಹೆಸರಿನ ಚೀಟಿ ಕಟ್ಟಿಸಿಕೊಂಡು ಹಳ್ಳಿಗೆ ಹೋಗುವ ಮಕ್ಕಳು, ಎಲ್ಲ ಆಡಿ ತೋರಿಸುವುದು. ಯುದ್ಧಕಾಲಕ್ಕೆ ತೀರಾ ಹತ್ತಿರವಾಗಿ ಕಂಡ ಮನೆಗೆ ಊರಿನ ಮ್ಯೂಸಿಯಮ್ಮಿನಿಂದ ಬಹುಮಾನ.

ಮೃತ್ಯುಂಜಯನಿಗೆ ಇದ್ಯಾವುದರ ಪರಿವೆಯೂ ಇಲ್ಲ. ಬೆಳಿಗ್ಗೆ ಬಂದವನೇ ಒಂದು ಲೋಟ ಹಾಲು ಕುಡಿದು ಪರದೆ ಎಳೆದು ಬಿದ್ದುಕೊಂಡ. ಆಹಾ! ಕತ್ತಲೆ ಮೆಲ್ಲಗೆ ಬಂದು ಹೊದಿಕೆಯ ಮೇಲೆ ಇನ್ನೊಂದು ಹೊದಿಕೆ ಹೊದಿಸಿತು. ಕನಸಿನಲ್ಲಿ ಅವನ ಮಂಚ ಒಂದು ಪುಟ್ಟ ದೇಶವಾಗಿತ್ತು. ನಾಲ್ಕೂ ದಿಕ್ಕಿಗೆ ನೀಲಿ ಸಮುದ್ರ, ಗಡಿಗೆ ತಲೆದಿಂಬು. ದೂರದಲ್ಲೆಲ್ಲೋ ದೊಡ್ಡ ದೇಶಗಳು ಗುಡುಗುತ್ತಿದ್ದವು. ಪುಟ್ಟ ದೇಶ ಮಾತ್ರ ಮಗ್ಗುಲು ಬದಲಿಸಿ ತೇಲುತ್ತಿತ್ತು.

"ಏಳ್ರೀ. ಡೆರೆಕ್ ಬಂದಾನ. ತಲಿ ಮ್ಯಾಲೆ ಬೋಗುಣಿ ಹಾಕ್ಕೊಂಡಾನ."

"ಮಲಗ್ಯಾರ ಅಂತ ಹೇಳು."

"ಹೇಳೀನಿ. ಮಲಗೋ ಖೋಲಿನs ನೋಡಬೇಕಂತ."

ಡೆರೆಕ್ ಆಗಲೇ ಮೆಟ್ಟಿಲ ಮೇಲಿದ್ದ. ತಲೆಯ ಮೇಲಿದ್ದದ್ದು ಬೋಗುಣಿಯಲ್ಲ, ಯುದ್ಧಕಾಲದ ಉಕ್ಕಿನ ಶಿರಸ್ತ್ರಾಣ. ಮೃತ್ಯುಂಜಯ ಎಂಬ ಹೆಸರು ಇಲ್ಲಿಯವರ ಬಾಯಲ್ಲಿ ಬರೀ ಜಯ್. ಇಂಗ್ಲಿಷಿನಲ್ಲಿ ಡೆರೆಕ್ ಅಂದದ್ದು ಇಷ್ಟು: "ಜಯ್! ಹೊರಗಿಂದ ನೋಡಿದೆ, ಸೂಜಿಮೊನೆಯಷ್ಟೂ ಸಂದಿಲ್ಲ! ಯುದ್ಧದಾಗ ಬೆಳಕು ಕಾಣುತ್ತಾ ಅಂತ ಮನೆಮನೆ ಕಿಟಕಿ ನೋಡ್ತಿದ್ದ ನಮ್ಮಜ್ಜ ಇದ್ದಿದ್ದರೆ ನಿನ್ನ ಕಿಟಕಿಗೆ ಸೆಲ್ಯೂಟ್ ಹೊಡೀತಿದ್ದ. ಬಂದವರಿಗೆಲ್ಲ ತೋರಿಸಲಾ?"

ಮೃತ್ಯುಂಜಯನ ಕಣ್ಣು ಇನ್ನೂ ಸಮುದ್ರದಲ್ಲೇ ಇತ್ತು. ಬಾಯಿ ತನ್ನಷ್ಟಕ್ಕೆ ತಾನೇ ಹೇಳಿತು, "ಯೆಸ್, ಯೆಸ್, ಲವ್ಲಿ."

ಶಿರಸ್ತ್ರಾಣ ಅವನ ತಲೆಗೆ ಬಂತು. ಜನ ಸಾಲಾಗಿ ಬಂದು, ಕತ್ತಲೆಯಲ್ಲಿ ನಿಂತು, "ಓಹ್" ಎಂದು, ಮಂಚದ ಕಾಲಿಗೆ ಎಡವಿ ಹೋದರು. ಅವರು ಇಳಿದು ಹೋದಮೇಲೆ ಶಿರಸ್ತ್ರಾಣ ತೆಗೆಯುವುದನ್ನೂ ಮರೆತು ಮತ್ತೆ ಮಲಗಿದ. ಪುಟ್ಟ ದೇಶ ಇನ್ನೇನು ತೇಲಬೇಕು, ಅಷ್ಟರಲ್ಲಿ ಪಾಲಿನ್ ಹಾಜರು. ತಲೆಗೆ ಹೂವಿನ ವಸ್ತ್ರ, ಕಂಕುಳಲ್ಲಿ ಆಲೂಗಡ್ಡೆಯ ಬುಟ್ಟಿ.

"ಜಯ್, ನೀನು ಆ ಮನುಷ್ಯನ ಕಡೆ ಸೇರಿಕೊಂಡೆಯಂತೆ? ನನ್ನ ರೇಷನ್ ಅಡುಗೆಮನೆಗೆ ಸಹಾಯ ಮಾಡ್ತೀನಿ ಅಂತ ಹೋದ ತಿಂಗಳೇ ಒಪ್ಪಿದ್ದೆಯಲ್ಲ?"

ಒಪ್ಪಿದ್ದ. ಅವನು ಒಪ್ಪದೆ ಇದ್ದದ್ದು ಏನಿದೆ ಹೇಳಿ? ಎಡಗಡೆಯವರ ಶಿರಸ್ತ್ರಾಣ ತಲೆಯಲ್ಲಿ, ಬಲಗಡೆಯವರ ಆಲೂಗಡ್ಡೆ ಮಡಿಲಲ್ಲಿ, ಪಾಪ, ನಮ್ಮ ತಟಸ್ಥ ರಾಷ್ಟ್ರ ಪಾಲಿನ್‌ಳ ಹಿತ್ತಲಲ್ಲಿ ಕೂತು ಸಿಪ್ಪೆ ಹೆರೆಯಿತು. ಬಿಸಿಲು ಹಿತವಾಗಿತ್ತು. ಆಲೂಗಡ್ಡೆಗಳು ಒಂದೊಂದೇ ಮೋಡಗಳಾಗಿ ಬುಟ್ಟಿಯಿಂದೆದ್ದು ಹೋಗುತ್ತಿದ್ದ ಹಾಗೆ ಅವನಿಗೆ ಕಂಡಿತು. ಒಂದು ಮೋಡದ ಬದಲು ಹೆಬ್ಬೆರಳು ಹೆರೆದುಕೊಂಡಾಗ ಪಾಲಿನ್ ಅವನನ್ನು ಮನೆಗೆ ಕಳಿಸಿದಳು.

"ಒಮ್ಮೆರೆ 'ಆಗೂದಿಲ್ಲ' ಅಂತ ಅನ್ರಲ್ಲ! ಬಾಯಿ ಏನ್ ಸವೀತದ?" ಬೆರಳಿಗೆ ಪಟ್ಟಿ ಸುತ್ತುತ್ತಾ ಗೌರಿ ರೇಗಿದಳು. "ರಾತ್ರಿ ಆ ಮ್ಯಾನೇಜರ್ ಪಕ್ಕಕ್ಕs ನಿಂತಿರ್ತಾನ. ನನಗ ಹೆದರಿಕಿ ಆಗ್ಲಿಕ್ಕತ್ತೇದರೀ."

"ನನಗೂ ಆಗೇದ. ನೆರೆಯವರು ನೋಡು, ಹೆಂಗ ಒಲ್ಲೆ ಅನ್ನಲಿ? ಈಗ ಮಲಗತೀನಿ, ಯಾರು ಬಂದ್ರೂ ಬಿಡಬ್ಯಾಡ."

ಮೇಲೆ ಹೋದರೆ ಮಂಚದ ಕೆಳಗೆ ಪಿಸುಪಿಸು. ಒಂಬತ್ತು ವರ್ಷದ ಮಗಳು ಸೃಷ್ಟಿ, ಜೊತೆಗೆ ಅವಳ ಪಟಾಲಂ, ಎಲ್ಲರ ಕೊರಳಲ್ಲೂ ಚೀಟಿ.

"ಸೃಷ್ಟಿ, ಹೊರಗ ಹೋಗಿ ಆಡ್ರಿ ಪುಟ್ಟಾ."

"ವಿ ಕಾಂಟ್, ಅಪ್ಪಾ. ದೇರ್ ಈಸ್ ಅ ವಾರ್ ಆನ್."

ಅಪ್ಪ ಹೊದಿಕೆ ಎಳೆದುಕೊಂಡ. ಮಂಚದ ಕೆಳಗೆ ಮಕ್ಕಳು ಬಾಯಲ್ಲೇ ಸೈರನ್ ಕೂಗಿದರು, ಬಾಂಬು ಹಾಕಿದರು, ಬಿಸ್ಕತ್ತು ಹಂಚಿಕೊಂಡರು. ಅಂತೂ ಆಟ ಬೇಸರವಾಗಿ ಹೊರಗೆ ಓಡಿದಾಗ ಮಧ್ಯಾಹ್ನ ಆಗಿತ್ತು.

ಆಗ ಬಂದಳು ಮ್ಯೂಸಿಯಮ್ಮಿನ ಹೆಂಗಸು. ಹಿಂದೆ ಡೆರೆಕ್, ಪಾಲಿನ್, ಅರ್ಧ ಬೀದಿ. ಗೌರಿ ಬಾಗಿಲಿಗೆ ಅಡ್ಡ ನಿಂತದ್ದೇನೋ ನಿಜ, ಆದರೆ ಬಹುಮಾನ ಹಿಡಿದುಕೊಂಡು ಬಂದವರನ್ನು ಎಷ್ಟು ಹೊತ್ತು ತಡೆಯಲಿಕ್ಕಾದೀತು? ಪೈಜಾಮದಲ್ಲೇ ಮೃತ್ಯುಂಜಯನನ್ನು ಕೆಳಗಿಳಿಸಿ ಕುರ್ಚಿಯಲ್ಲಿ ಕೂರಿಸಿದರು. ಆ ಹೆಂಗಸಿನ ದನಿ ಹಾಲಿನಷ್ಟು ಮೆತ್ತಗಿತ್ತು. ಕಿಟಕಿಗಳು ಕಪ್ಪಾಗಿದ್ದ ವರ್ಷಗಳ ಬಗ್ಗೆ, ರಾತ್ರಿಯೆಲ್ಲ ದುಡಿದ ಕಾರ್ಖಾನೆಯವರ ಬಗ್ಗೆ ಅವಳು ಹೇಳುತ್ತಾ ಹೋದಳು. ಮೃತ್ಯುಂಜಯನ ರೆಪ್ಪೆ ಇಳಿಯಿತು. ಪುಟ್ಟ ದೇಶಕ್ಕೆ ಯಾರೋ ರಾಯಭಾರಿ ಬಂದಿದ್ದಳು. ಬಿಳಿ ದೋಣಿಯಿಂದ ಇಳಿದು, ಬಾಗಿ, ಏನನ್ನೋ ಬಹಳ ವಿನಯದಿಂದ ಕೇಳಿದಳು.

"ಯೆಸ್, ಯೆಸ್, ಲವ್ಲಿ," ಎಂದಿತು ಪುಟ್ಟ ದೇಶ.

ಚಪ್ಪಾಳೆಯ ಸದ್ದಿಗೆ ಎಚ್ಚರವಾಯಿತು. ಕೊರಳಲ್ಲಿ ರಿಬ್ಬನ್ನು, ಅದರ ಮೇಲೆ 'ಮೊದಲ ಬಹುಮಾನ'. ಮೊಬೈಲುಗಳೆಲ್ಲ ಫೋಟೋ ತೆಗೆದವು. ಪಾಲಿನ್ ಕಣ್ಣೊರೆಸಿಕೊಂಡಳು. ಡೆರೆಕ್ ತನ್ನ ಕರವಸ್ತ್ರ ಕೊಟ್ಟ, ಅವಳು ತೆಗೆದುಕೊಂಡಳು! ಎಲ್ಲರೂ ಒಟ್ಟಿಗೆ ಬೀದಿಗಿಳಿದರು. ಮನೆ ತಣ್ಣಗಾಯಿತು.

ಪಾಳಿಗೆ ಇನ್ನೂ ಸಾಕಷ್ಟು ಹೊತ್ತಿತ್ತು. ಮೃತ್ಯುಂಜಯ ತೂರಾಡುತ್ತಾ ಮೆಟ್ಟಿಲು ಹತ್ತಿದ. ಕತ್ತಲೆ ಕಾಯುತ್ತಿದೆ, ನೀಲಿ ಸಮುದ್ರ ಕಾಯುತ್ತಿದೆ. ಬಾಗಿಲು ತೆರೆದ.

ಮಂಚದ ಮೇಲೆ ಕಾಲು ಚಾಚಿ ಮಲಗಿತ್ತು ಬಿಸಿಲು. ಕಿಟಕಿ ಬೋಳು.

"ಗೌರೀ! ಪರದೆ ಎಲ್ಲಿ?"

"ಮ್ಯೂಸಿಯಮ್‌ದಾಕಿ ನೀವು ಫೋಟೋಕ್ಕ ಕೂತಾಗ ಬಿಚ್ಚಿಸಿ ಒಯ್ದಳಲ್ಲ." ಗೌರಿ ಬಾಗಿಲಿಗೆ ಒರಗಿ ನಿಂತಳು. "'ಇವನ್ನ ಕಾಯಂ ನಮಗ ಕೊಡ್ತೀರೇನು' ಅಂತ ಕೇಳಿದಳು. ನೀವು ಏನಂದ್ರಿ ಅಂತ ನಾ ಹೇಳಬೇಕೇನು? ನಾ ಕಣ್ಣಸನ್ನಿ ಮಾಡಿದೆ. ನಿಮ್ಮ ಕಣ್ಣು ಮುಚ್ಚಿದ್ವು."

ಮೃತ್ಯುಂಜಯ ದಿಂಬಿನ ಕೆಳಗೆ ತಲೆ ತುರುಕಿದ. ಅಷ್ಟರಲ್ಲಿ ಕೆಳಗಿನಿಂದ ಎರಡು ದನಿ, ಮೂರು ವರ್ಷದಲ್ಲಿ ಮೊದಲ ಸಲ ಒಟ್ಟಿಗೆ: "ಜಯ್! ನಮ್ಮಿಬ್ಬರದೂ ರಾಜಿ ಆಯ್ತು! ಆ ಜಾಗದಲ್ಲಿ ಯಾರ ಕಾರೂ ಬೇಡ, ಸಂಜೆತನಕ ಬ್ಯಾಂಡಿನವರು ನಿಂತು ಬಾರಿಸ್ತಾರೆ. ನಿನಗೆ ಪರವಾಗಿಲ್ಲ ತಾನೆ?"

ಗೌರಿ ಗಂಡನ ಮುಖ ನೋಡಿದಳು. ಮೃತ್ಯುಂಜಯ ಎದ್ದ. ಹಲ್ಲು ಕಚ್ಚಿ ಕಿಟಕಿಗೆ ನಡೆದ. ಈ ಸಲ ಇಲ್ಲ ಎನ್ನುತ್ತೇನೆ, ಹುಟ್ಟಿದಾಗಿನಿಂದ ಅನ್ನದೆ ಉಳಿಸಿಕೊಂಡ ಅಷ್ಟೂ ಇಲ್ಲಗಳನ್ನು ಒಟ್ಟಿಗೆ ಎನ್ನುತ್ತೇನೆ ಅಂತ ಉಸಿರೆಳೆದುಕೊಂಡ. ಕೆಳಗೆ ಡೋಲು, ತುತ್ತೂರಿ ಹಿಡಿದವರು ಸಿದ್ಧವಾಗಿದ್ದರು. ಇಡೀ ಬೀದಿ ತಲೆಯೆತ್ತಿ ಅವನನ್ನು ನೋಡಿ ಕೈ ಬೀಸಿತು.

"ಯೆಸ್, ಯೆಸ್," ಎಂದ ಮೃತ್ಯುಂಜಯ, "ಲವ್ಲಿ."

ಗೌರಿ ಕೆಳಗೆ ಹೋಗಿ, ಮನೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಥರ್ಮಾಸು ಹುಡುಕಿ, ರಾತ್ರಿ ಪಾಳಿಗೆಂದು ಕಡಕ್ ಚಹಾಕ್ಕೆ ನೀರಿಟ್ಟಳು.