ಮಾವನ ಗೋಣಿಚೀಲ

ಜನ ಹಾವಿಗೆ ಹೆದರುತ್ತಾರೆ, ಚೇಳಿಗೆ ಹೆದರುತ್ತಾರೆ. ನಾನು ಹೆದರುವುದು ನನ್ನ ಸೋದರಮಾವನ ಗೋಣಿಚೀಲಕ್ಕೆ!

ಲಕ್ಕೂರಿನ ಹತ್ತಿರ ಮಾವನದೊಂದು ಸಸಿ ನರ್ಸರಿ ಇದೆ. ಕುಂಡದ ಮಣ್ಣಿಗೆ ಮೊದಲು ಎಲ್ಲರ ಹಾಗೆ ಪೀಟ್ ಬೆರೆಸುತ್ತಿದ್ದರು. ಅದು ಪರದೇಶದ ಜೌಗುನೆಲದಲ್ಲಿ ಸಾವಿರಾರು ವರ್ಷ ಕೊಳೆತ ಪಾಚಿ ಎಂದು ಯಾರೋ ಹೇಳಿದ್ದೇ ತಡ, ಮಾವನಿಗೆ ಅದು ಮೈಲಿಗೆಯಾಯಿತು. "ಯಾರ್ದೋ ನೆಲ ಅಗ್ದು ನಾನು ಸೇವಂತಿಗೆ ಬೆಳಸ್ಬೇಕಾ? ನಮ್ ಕಡೆ ಕಸಕ್ಕೇನು ಬರಾನಾ?" ಅಂದರು. ಅಂದಿನಿಂದ ಗೋಣಿಚೀಲ ಹೊತ್ತು ಊರೂರು ಅಲೆಯತೊಡಗಿದರು.

ಮೊದಲು ಬೆರೆಸಿದ್ದು ರಾಗಿ ಹೊಟ್ಟು. ಹೊಟ್ಟಿನೊಳಗೆ ಕಾಳೂ ಉಳಿದಿರುತ್ತದೆಂದು ಮುದ್ದೆ ತಿಂದೇ ಬೆಳೆದವರಿಗೆ ಹೊಳೆಯಬೇಡವೇ? ಸೇವಂತಿಗೆ ಕೊಂಡವರ ಕುಂಡಗಳಲ್ಲೆಲ್ಲ ರಾಗಿ ಪೈರು ಎದ್ದಿತು. ಗಿರಾಕಿಗಳು ಜಗಳಕ್ಕೆ ಬಂದರೆ, "ಪರ್ವಾಲೇದು ಬಿಡ್ರಿ, ಕೊಯ್ಲಿಗೆ ಕರೀರಿ, ಬರ್ತೀನಿ" ಅಂದುಬಿಟ್ಟರು.

ಆಮೇಲೆ ಹುತ್ತೂರಿನಿಂದ ರೇಷ್ಮೆಹುಳುವಿನ ಹಿಕ್ಕೆ ಬಂತು. ಹಸಿಯದನ್ನೇ ತುಂಬಿದ್ದರಿಂದ ಕುಂಡಗಳು ಬಿಸಿಯಾಗಿ ಸಸಿಗಳ ಬೇರುಗಳೇ ಬೆಂದುಹೋದವು. ಅದಾದ ಮೇಲೆ ಆವನಿ ಕಡೆಯ ಹುತ್ತದ ಮಣ್ಣು. ಪಕ್ಕದ ಮನೆಯ ಅಜ್ಜಿ ನಾಗಪ್ಪನಿಗೆ ಹೆದರಿ, ಅಷ್ಟೂ ಕುಂಡಗಳಿಗೆ ಅರಿಶಿನ ಕುಂಕುಮ ಹಚ್ಚಿ ಹಾಲು ಹೊಯ್ದರು. ಹುತ್ತದ ಮಣ್ಣು ಗಿಡಕ್ಕೆ ಒಗ್ಗುತ್ತದೋ ಇಲ್ಲವೋ ಇಂದಿಗೂ ಗೊತ್ತಾಗಿಲ್ಲ, ಹಾಲಂತೂ ಒಗ್ಗಲಿಲ್ಲ.

ಇಂಥ ಮಾವ ಕೋಲಾರದ ನಮ್ಮ ಮನೆಗೆ ಬಂದವರು ತಾರಸಿಯ ಮೇಲಿನ ಮರುಗದ ಕುಂಡದ ಮುಂದೆ ನಿಂತುಬಿಟ್ಟರು. ಅದು ಅಮ್ಮ ನೆಟ್ಟದ್ದು. ಅಮ್ಮ ಹೋಗಿ ವರ್ಷವಾಗಿತ್ತು. ಅವಳು ನೀರೆರೆದು ಬೆಳೆಸಿದ್ದರಲ್ಲಿ ಉಳಿದದ್ದು ಅದೊಂದೇ, ಅದೂ ಒಣಗತೊಡಗಿತ್ತು.

"ಬೇಡ ಮಾವ, ಹೇಗಿದ್ಯೋ ಹಾಗೇ ಇರ್ಲಿ" ಎಂದೆ.

"ಮಣ್ಣು ಕಲ್ಲಾಗೈತೆ ಕಣಮ್ಮ. ಹಿಂಗೇ ಬಿಟ್ರೆ ಸಾಯ್ತದೆ" ಎಂದವರೇ ಕುಂಡವನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟೇಹೋದರು.

ಅಲ್ಲಿಂದಾಚೆ ಮಾವನ ಫೋನ್ ಬಂದರೆ ಎತ್ತಲೂ ಹೆದರುತ್ತಿದ್ದೆ. ರಾಗಿಯೋ, ಹಿಕ್ಕೆಯೋ, ಹಾಲೋ, ಅಮ್ಮನ ಗಿಡಕ್ಕೆ ಯಾವುದು ಕಾದಿದೆಯೋ? ತಡೆಯಲಾರದೆ ಒಂದು ಭಾನುವಾರ ಬಸ್ಸು ಹತ್ತಿದೆ.

ಕುಂಡ ನರ್ಸರಿಯಲ್ಲಿ ಇರಲಿಲ್ಲ. ಮಾವ ಮಲಗುವ ಕೋಣೆಯ ಕಿಟಕಿಯಲ್ಲಿತ್ತು. ಮರುಗ ಚಿಗುರಿತ್ತು. ಬೆರಳಿನಿಂದ ಮಣ್ಣು ಕೆದಕಿದೆ. ಕಪ್ಪಗೆ, ಮೆತ್ತಗೆ, ಹಗುರವಾಗಿತ್ತು.

"ಮಾವ, ಇದು ಪೀಟ್ ಅಲ್ವಾ?"

ಮಾವ ತಲೆ ಎತ್ತಲಿಲ್ಲ. "ಕೊಳೆಸಿದ ಹಿಕ್ಕೆ, ತೆಂಗಿನ ನಾರಿನ ಪುಡಿ, ಕೆರೆ ಹೂಳು. ನನ್ ಮಣ್ಣು ಈಗ ಚೆನ್ನಾಗೇ ಬಂದೈತೆ ಕಣಮ್ಮ. ಹೊರಗೆ ಸಸಿಗಳು ಹೆಂಗವೆ ನೋಡು. ಆದ್ರೆ ಅಕ್ಕನ ಗಿಡಕ್ಕೆ ಹಾಕೋಕೆ ಧೈರ್ಯ ಬರ್ಲಿಲ್ಲ. ಪಕ್ಕದ ನರ್ಸರಿಯವನ ಹತ್ರ ಹೋಗಿ, ಒಂದು ಬೊಗಸೆ ಪೀಟ್ ಕೊಡಪ್ಪಾ ಅಂತ ಕೇಳಿ ಇಸ್ಕೊಂಡ್ ಬಂದೆ."