ಏಳು ಬಣ್ಣದ ದೀಪ ಕೊಟ್ಟು ಭಾನುವಾರ ಕಸಿದುಕೊಂಡ ಸಲಹೆಗಾರರಿಗೆ

ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯಲ್ಲಿ ‘ತಜ್ಞರ ಸಲಹೆ ಉಚಿತ’ ಎಂಬ ಫಲಕದ ಕೆಳಗೆ ತಿರುಗುವ ಕುರ್ಚಿಯನ್ನು ಅಲಂಕರಿಸಿರುವ ಮುಖ್ಯ ಸಲಹೆಗಾರರ ಸನ್ನಿಧಿಗೆ, ಅದೇ ಬೀದಿಯ ಆಚೆ ತುದಿಯ ಕನ್ನಡಕದಂಗಡಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಗಾಜು ಕೂರಿಸುತ್ತಿರುವ ಹೆಂಗಸಿನ ಸವಿನಯ ನಮಸ್ಕಾರಗಳು.

ಮಾನ್ಯರೇ, ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ಸಲಹೆಯನ್ನು ತಾವು ಪಾಲಿಸುವ ಪ್ರಸಂಗ ಬಾರದಿರುವುದರಿಂದ ಕ್ಷೇಮಕ್ಕೆ ಅಡ್ಡಿಯಾಗಲು ಕಾರಣವೂ ಇಲ್ಲ.

ನನ್ನ ಗುರುತು ತಮಗೆ ಸಿಗಲಿಕ್ಕಿಲ್ಲ. ಕಳೆದ ತಿಂಗಳು ಒಂದು ಗುರುವಾರ, ಊಟದ ಬಿಡುವಿನಲ್ಲಿ ಬಂದು, ಆಟವಾಡಲು ಒಂದು ಕಂಪ್ಯೂಟರನ್ನು ನಾನೇ ಜೋಡಿಸಿಕೊಳ್ಳಬೇಕೆಂದಿದ್ದೇನೆ, ತೀರ ಅಗ್ಗದ್ದೂ ಬೇಡ, ತೀರ ದುಬಾರಿಯದ್ದೂ ಬೇಡ, ನಡುವಿನದು ಸಾಕು ಎಂದು ಕೇಳಿಕೊಂಡವಳು ನಾನು. ತಾವು ನನ್ನ ಭುಜದ ಹಿಂದೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿ, “ಮಗನಿಗಾ ಮೇಡಂ?” ಎಂದಿರಿ. ನನಗೇ ಎಂದೆ. “ಓಹೋ, ಇಸ್ಪೀಟು ಆಡೋಕಾ?” ಎಂದು ಪಕ್ಕದ ಕೌಂಟರಿನವರಿಗೂ ಕೇಳಿಸುವಂತೆ ನಕ್ಕಿರಿ. ಆ ನಗುವಿನ ಗುಣಮಟ್ಟದ ಬಗ್ಗೆ ನನ್ನ ದೂರಿಲ್ಲ. ಅಂದು ತಮ್ಮಿಂದ ಸಿಕ್ಕವುಗಳಲ್ಲಿ ಸರಿಯಾಗಿ ಕೆಲಸ ಮಾಡಿದ್ದು ಅದೊಂದೇ.

ಆಟ ಯಾವುದೆಂದು ತಾವು ಕೇಳಲಿಲ್ಲವಾದ್ದರಿಂದ ಈಗ ಹೇಳುತ್ತೇನೆ. ನನಗೊಬ್ಬ ತಮ್ಮನಿದ್ದಾನೆ, ದೂರದ ಒಂದು ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ. ಎರಡು ವರ್ಷದ ಹಿಂದೆ ನನ್ನನ್ನು ಒಂದು ಮಾತೂ ಕೇಳದೆ ಮದುವೆ ನಿಶ್ಚಯಿಸಿಕೊಂಡನೆಂದು ಮುನಿಸಿಕೊಂಡು, ಟಿಕೆಟ್ ಸಿಗಲಿಲ್ಲವೆಂದು ಸುಳ್ಳು ಹೇಳಿ, ನಾನು ಮದುವೆಗೆ ಹೋಗಲಿಲ್ಲ. ಅಂದಿನಿಂದ ನಮ್ಮಿಬ್ಬರ ನಡುವೆ ಮಾತು ನಿಂತಿತ್ತು. ತಪ್ಪು ನನ್ನದೇ, ಅದನ್ನು ತಮ್ಮ ಲೆಕ್ಕಕ್ಕೆ ಹಾಕುವುದಿಲ್ಲ, ತಮ್ಮದೇ ಸಾಕಷ್ಟಿದೆ. ಈಚೆಗೆ ಅವನ ಹೆಂಡತಿ ತಾನಾಗಿ ಫೋನು ಮಾಡಿ, “ಅತ್ತಿಗೆ, ಇವರು ಭಾನುವಾರ ಬೆಳಿಗ್ಗೆ ಕಾರಿನ ಓಟ ಆಡ್ತಾರೆ, ಒಬ್ಬರು ಓಡಿಸಬೇಕು, ಇನ್ನೊಬ್ಬರು ನಕ್ಷೆ ನೋಡಿ ತಿರುವು ಹೇಳಬೇಕು, ಪಕ್ಕದ ಸೀಟಿಗೆ ಇವರು ಯಾರನ್ನೂ ಕರೀತಿಲ್ಲ” ಎಂದಳು. ಅದಾದ ಎರಡು ದಿನಕ್ಕೆ ಅವನಿಂದಲೇ ಒಂದು ಸಾಲು ಬಂತು: “ಈ ಭಾನುವಾರ ಪಂದ್ಯ ಶುರು. ಕೂರ್ತೀಯಾ?” ಆ ಒಂದು ಸಾಲನ್ನು ಹಿಡಿದುಕೊಂಡೇ ನಾನು ತಮ್ಮ ಅಂಗಡಿಯ ಮೆಟ್ಟಿಲು ಹತ್ತಿದ್ದು.

ತಾವು ಹನ್ನೊಂದೇ ನಿಮಿಷದಲ್ಲಿ ಎಲ್ಲವನ್ನೂ ಆರಿಸಿಕೊಟ್ಟಿರಿ. ಕೇಳಿದ ಪ್ರಶ್ನೆ ಒಂದೇ, ದೀಪದ ಬಣ್ಣ ಯಾವುದಿರಲಿ ಎಂಬುದು. ಏಳು ಫ್ಯಾನುಗಳು ಏಳು ಬಣ್ಣದಲ್ಲಿ ಉರಿಯುವ ಗಾಜಿನ ಪೆಟ್ಟಿಗೆ. ಒಂದು ಬ್ಯಾಂಕಿನ ಕೆಲಸವನ್ನೆಲ್ಲ ಒಬ್ಬಂಟಿಯಾಗಿ ಮಾಡಿ ಮುಗಿಸಬಲ್ಲ ಪ್ರೊಸೆಸರ್. ಆಟದ ಚಿತ್ರಗಳನ್ನು ಪರದೆಗೆ ತರುವ, ಮೊಳದುದ್ದದ ಗ್ರಾಫಿಕ್ಸ್ ಕಾರ್ಡ್. ಇಷ್ಟಕ್ಕೂ ವಿದ್ಯುತ್ತು ಹಂಚುವ ಪವರ್ ಸಪ್ಲೈ ಯಾವುದೆಂದು ಕೇಳಿದಾಗ, “ಪೆಟ್ಟಿಗೆ ಜೊತೆ ಫ್ರೀ ಬರುತ್ತೆ, ಅದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರ” ಎಂದಿರಿ. ಇವೆಲ್ಲ ಒಂದಕ್ಕೊಂದು ಹೊಂದುತ್ತವೆಯೇ ಎಂದದ್ದಕ್ಕೆ, “ಕಣ್ಣು ಮುಚ್ಚಿಕೊಂಡು ತಗೊಳ್ಳಿ ಮೇಡಂ” ಎಂದು ಅಭಯವಿತ್ತಿರಿ. ಜನರ ಕಣ್ಣು ತೆರೆಸಿ ಹೊಟ್ಟೆ ಹೊರೆಯುವ ನಾನು, ತಮ್ಮ ಮಾತಿಗೆ ಕಣ್ಣು ಮುಚ್ಚಿದೆ.

ಶನಿವಾರ ಊಟದ ಮೇಜಿನ ಮೇಲೆ ಹಾಸಿಗೆಯ ಹೊದಿಕೆ ಹಾಸಿ, ನಮ್ಮ ಕನ್ನಡಕದಂಗಡಿಯಿಂದ ತಂದ ಸಣ್ಣ ಸ್ಕ್ರೂಡ್ರೈವರುಗಳನ್ನು ಸಾಲಾಗಿಟ್ಟುಕೊಂಡು ಕುಳಿತೆ. ಪ್ರೊಸೆಸರನ್ನು ಕೂರಿಸುವಾಗ ಉಸಿರನ್ನೂ ಬಿಗಿಹಿಡಿದಿದ್ದೆ. ಎಲ್ಲವೂ ಕೂತವು, ಕಾರ್ಡೊಂದನ್ನು ಬಿಟ್ಟು. ಅದು ಪೆಟ್ಟಿಗೆಗಿಂತ ಎರಡು ಬೆರಳು ಉದ್ದವಿತ್ತು. ತಮಗೆ ಫೋನಾಯಿಸಿದರೆ, “ಸ್ವಲ್ಪ ಒತ್ತಿ ಕೂರಿಸಿ, ಹೋಗುತ್ತೆ” ಎಂಬ ಅಪ್ಪಣೆಯಾಯಿತು. ಮೂಗಿಗಿಂತ ಕಿರಿದಾದ ಚೌಕಟ್ಟನ್ನು ಒತ್ತಿ ಕೂರಿಸಿ ಎಂದು ಗಿರಾಕಿಯನ್ನು ಕಳಿಸುವ ಧೈರ್ಯ ಹತ್ತೊಂಬತ್ತು ವರ್ಷದಲ್ಲಿ ನನಗೆ ಒಮ್ಮೆಯೂ ಬಂದಿಲ್ಲವಲ್ಲ ಎಂದು ನನ್ನ ಬಗ್ಗೆಯೇ ಕನಿಕರವಾಯಿತು. ಓಡಿಬಂದು ದೊಡ್ಡ ಪೆಟ್ಟಿಗೆ ತೆಗೆದುಕೊಂಡೆ. ಅದಕ್ಕೂ ಅಂಥದೇ ಫ್ರೀ ಪವರ್ ಸಪ್ಲೈ ಕೊಟ್ಟು, ಜೊತೆಗೆ ಎರಡು ದೀಪ ಹೆಚ್ಚಿಗೆ ಇವೆಯೆಂದು ಸಮಾಧಾನ ಹೇಳಿದಿರಿ.

ಭಾನುವಾರ ಬೆಳಿಗ್ಗೆ ಯಂತ್ರ ಎದ್ದಿತು. ಗೋಡೆಯ ಮೇಲೆಲ್ಲ ಬಣ್ಣ ಕುಣಿಯಿತು. ಕಿವಿಗೆ ಹೆಡ್‌ಫೋನ್ ಇಟ್ಟುಕೊಂಡೆ. “ಅಕ್ಕಾ? ಇದ್ದೀಯಾ?” ಎಂದ. ಎರಡು ವರ್ಷದ ನಂತರ ಕೇಳಿದ ಆ ದನಿಗೆ ಉತ್ತರ ಕೊಡಲು ನಾನು ಹೆಡ್‌ಫೋನಿನ ಮೈಕನ್ನು ಬಾಯಿಯ ಬಳಿಗೆ ತಿರುಗಿಸುತ್ತಿರುವಾಗಲೇ ಓಟ ಶುರುವಾಯಿತು, ಕಾರ್ಡು ತನಗೆ ಬೇಕಾದಷ್ಟು ವಿದ್ಯುತ್ತು ಕೇಳಿತು, ತಮ್ಮ ಫ್ರೀ ಪವರ್ ಸಪ್ಲೈ ಕೈಯೆತ್ತಿತು. ಎಲ್ಲವೂ ಕಪ್ಪಾಯಿತು. ಮತ್ತೆ ಹಾಕಿದೆ, ಮತ್ತೆ ಆರಿತು. ನಾಲ್ಕನೆಯ ಸಲಕ್ಕೆ ಅಲುಗಲೂ ಇಲ್ಲ. ಫೋನು ಮಾಡಿದರೆ ಅವನು ಎತ್ತಲಿಲ್ಲ. ಮಷೀನು ಕೆಟ್ಟಿತೆಂದು ಬರೆದೆ. ಟಿಕೆಟ್ ಸಿಗಲಿಲ್ಲವೆಂದು ಬರೆದಿದ್ದ ಅಕ್ಕನನ್ನು ಯಾರು ನಂಬುತ್ತಾರೆ? ಮಧ್ಯಾಹ್ನ ಉತ್ತರ ಬಂತು: “ಬಿಡು ಅಕ್ಕ. ಬರೋಕಾಗಲ್ಲ ಅಂತ ಮೊದಲೇ ಹೇಳಬಹುದಿತ್ತು.” ಆ ಕಪ್ಪು ಪರದೆಯಲ್ಲಿ ನನ್ನ ಮುಖ ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತೆಂದರೆ, ಮಾನ್ಯರೇ, ಮಾನಿಟರಿನ ಆಯ್ಕೆಗಾಗಿ ತಮ್ಮನ್ನು ಅಭಿನಂದಿಸಲೇಬೇಕು.

ಸೋಮವಾರ ತಾವು ಪೆಟ್ಟಿಗೆಯನ್ನು ತೆರೆದೂ ನೋಡದೆ, “ನೀವೇ ಏನೋ ಒತ್ತಿರ್ತೀರ” ಎಂದಿರಿ. ಆ ಗಳಿಗೆಯಿಂದ ನಾನು ತಮ್ಮ ಶಿಷ್ಯೆ: ತಾವು ಏನು ಮಾಡಲಿಲ್ಲವೋ ಅದನ್ನೆಲ್ಲ ಒಂದೊಂದಾಗಿ ಮಾಡತೊಡಗಿದೆ. ನಮ್ಮ ಅಂಗಡಿಯ ಹಳೆಯ ಆರ್ಡರ್ ಚೀಟಿಗಳ ಬೆನ್ನಿನ ಮೇಲೆ ಪ್ರತಿ ಭಾಗದ ಉದ್ದ, ಅಗಲ, ಅದು ಎಳೆಯುವ ವಿದ್ಯುತ್ತು ಎಲ್ಲವನ್ನೂ ಬರೆದು ಕೂಡಿದೆ. ಎರಡು ಬೀದಿಯಾಚೆ ಲ್ಯಾಪ್‌ಟಾಪ್ ರಿಪೇರಿ ಮಾಡುವ ಹೆಂಗಸಿಗೆ ಒಂದು ಕಿವಿ ಕೇಳಿಸುವುದಿಲ್ಲ. ಆದರೂ ಎರಡೂ ಕಿವಿಯಿರುವ ತಮಗಿಂತ ಹೆಚ್ಚು ಕೇಳಿಸಿಕೊಂಡಳು. “ಯಾವ ಆಟ? ಪರದೆ ಎಷ್ಟು ದೊಡ್ಡದು?” ಇಷ್ಟೇ ಅವಳ ಪ್ರಶ್ನೆ. ಬ್ಯಾಂಕು ನಡೆಸುವ ಪ್ರೊಸೆಸರನ್ನು ಅವಳೇ ಇಟ್ಟುಕೊಂಡು, ಅದೇ ಮದರ್‌ಬೋರ್ಡಿಗೆ ಕೂರುವ ಸಾಧಾರಣದ್ದೊಂದನ್ನು ಕೊಟ್ಟಳು; ಬೆಲೆಯಲ್ಲಿ ಉಳಿದ ಹಣಕ್ಕೆ ಗಟ್ಟಿಯಾದ ಪವರ್ ಸಪ್ಲೈ ಬಂತು.

ಎಲ್ಲವನ್ನೂ ಹೊಸದಾಗಿ ಜೋಡಿಸಿ, ಪೆಟ್ಟಿಗೆಯ ಬಾಗಿಲು ತೆರೆದಿಟ್ಟು, ಕೆಟ್ಟುಹೋದ ಪವರ್ ಸಪ್ಲೈಯನ್ನೂ ಪಕ್ಕದಲ್ಲಿಟ್ಟು, ಒಂದು ಫೋಟೋ ತೆಗೆದು ನನ್ನ ತಮ್ಮನಿಗೆ ಕಳಿಸಿದೆ. ಕೆಳಗೆ, ಈ ಸಲ ಕೆಟ್ಟದ್ದು ನಿಜ, ಅವತ್ತು ಟಿಕೆಟ್ ಸಿಕ್ಕಿತ್ತು ಎಂದು ಬರೆದೆ. ಎರಡು ದಿನ ಸದ್ದಿಲ್ಲ. ಮೂರನೆಯ ದಿನ ಅವನೇ ಫೋನು ಮಾಡಿ, “ಗೊತ್ತಿತ್ತು ಕಣೇ” ಎಂದ. ಆಮೇಲೆ, “ನೀನೇ ಜೋಡಿಸಿದ್ಯಾ? ಆ ಕೇಬಲ್ ಉಲ್ಟಾ ಇದೆ ನೋಡು” ಎಂದ. ನಿಜಕ್ಕೂ ಉಲ್ಟಾ ಇತ್ತು. ಮುಂದಿನ ಭಾನುವಾರ ನಾನು ಎಡಕ್ಕೆ ಎನ್ನಬೇಕಾದಲ್ಲಿ ಬಲಕ್ಕೆ ಎಂದು, ನಮ್ಮ ಕಾರು ಕೆರೆಗೆ ಬಿದ್ದು, ನಲವತ್ಮೂರು ಜೋಡಿಗಳಲ್ಲಿ ನಾವು ನಲವತ್ತೊಂದನೆಯವರಾದೆವು. ಅವನ ಹೆಂಡತಿ ಹಿಂದಿನಿಂದ ನಗುವುದು ನನಗೆ ಚೆನ್ನಾಗಿ ಕೇಳಿಸುತ್ತಿತ್ತು.

ಆದ್ದರಿಂದ ನನ್ನ ಕೋರಿಕೆಗಳು ಸಣ್ಣವು. ಒಂದನೆಯದು, ತಾವು ದಯವಿಟ್ಟು ವೈದ್ಯಕೀಯ ಓದಬಾರದು. ಇನ್ನೊಂದು, ತಮ್ಮನ್ನೇ ಆ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ, ಸುತ್ತ ಒಂಬತ್ತು ದೀಪ ಹಚ್ಚಿ, ಅಂಗಡಿಯ ಬಾಗಿಲಲ್ಲಿ ಇಡುವಂತೆ ಮಾಲೀಕರಿಗೆ ತಾವೇ ಶಿಫಾರಸು ಮಾಡಬೇಕು. ಮೊಣಕಾಲು ಹಿಡಿಸದಿದ್ದರೆ ಸ್ವಲ್ಪ ಒತ್ತಬಹುದು. ಮತ್ತು ನನ್ನ ಆ ಒಂದು ಭಾನುವಾರವನ್ನು, ತಮ್ಮ ದಾಸ್ತಾನಿನಲ್ಲಿದ್ದರೆ, ಬದಲಿಸಿ ಕೊಡಬೇಕು, ರಸೀದಿ ಇಟ್ಟುಕೊಂಡಿದ್ದೇನೆ.

ತಮ್ಮ ಮಾತಿನ ಮೇಲೆ ವಿಶ್ವಾಸವಿಟ್ಟು, ಬಿದ್ದು, ಎದ್ದು ಬಂದ,
ತಮ್ಮ ಮಾಜಿ ವಿಶ್ವಾಸಿ,
ಕನ್ನಡಕದಂಗಡಿಯ ಮೇಡಂ

ವಿ.ಸೂ.: ಈ ಪತ್ರದ ಒಂದು ಪ್ರತಿಯನ್ನು ತಮ್ಮ ಅಂಗಡಿಯೆದುರಿನ ಬಸ್ ನಿಲ್ದಾಣದಲ್ಲಿ ಅಂಟಿಸಿದ್ದೇನೆ. ನಿನ್ನೆ ಸಂಜೆ ತಮ್ಮ ಮಾಲೀಕರು ಅಲ್ಲಿ ನಿಂತು ಮೊದಲಿಂದ ಕೊನೆಯವರೆಗೆ ಓದುತ್ತಾ ಎರಡು ಬಸ್ಸು ತಪ್ಪಿಸಿಕೊಂಡರು. ಮೂರನೆಯದಕ್ಕೆ ಹತ್ತುವ ಮೊದಲು, ಅಲ್ಲೇ ಬಸ್ಸಿಗೆ ಕಾಯುತ್ತಿದ್ದ ನನ್ನನ್ನು ಕೇಳಿದ್ದು ಇಷ್ಟೇ: ಇದರಲ್ಲಿ ಹೇಳಿರುವವನು ಅವರ ಅಳಿಯನೇ ತಾನೆ ಎಂದು. ನಾನು ಯಾರ ಸಂಸಾರದಲ್ಲೂ ತಲೆಹಾಕುವವಳಲ್ಲ. “ನೀವೇ ಕಣ್ಣು ಬಿಟ್ಟು ನೋಡಿ ನಿರ್ಧರಿಸಿ” ಎಂದೆ.