ಭಾವನ ಬ್ರಿಟಿಷ್ ಪಿಂಚಣಿ

ಬ್ರಿಟಿಷರು ದೋಚಿಕೊಂಡು ಹೋದದ್ದು ಸಾಲದೆಂದು, ಈಗಲೂ ತಾವಾಗಿಯೇ ಅವರಿಗೆ ಕಪ್ಪ ಕಳಿಸುತ್ತಿರುವ ಏಕೈಕ ಧಾರವಾಡದವರು ನಮ್ಮ ಭಾವ! ಅದೂ ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿ ಕುಳಿತು.

ಆಸ್ಟ್ರೇಲಿಯಾಕ್ಕೆ ಬರುವ ಮೊದಲು ಭಾವ ಮತ್ತು ನಮ್ಮಕ್ಕ ಇಂಗ್ಲೆಂಡಿನಲ್ಲಿದ್ದರು. ಹತ್ತು ವರ್ಷ ವಿಮೆಯ ಕಂತು ಕಟ್ಟಿದವರಿಗೆ ಅಲ್ಲಿನ ಸರಕಾರ ಮುಪ್ಪಿನಲ್ಲಿ ಪಿಂಚಣಿ ಕೊಡುತ್ತದಂತೆ. ಏಳೇ ವರ್ಷವಾಗಿದ್ದರೆ ಸೊನ್ನೆ! ಕಡಿಮೆ ಬಿದ್ದ ಮೂರು ವರ್ಷಗಳದ್ದನ್ನು ಇಲ್ಲಿಂದಲೇ ತುಂಬಬಹುದೆಂದು ಭಾವನಿಗೆ ಯಾರೋ ಹೇಳಿಬಿಟ್ಟರು. ಕರೆಂಟ್ ಬಿಲ್‌ಗೆ ಹೆದರಿ ಇಲ್ಲಿನ ಜುಲೈ ಚಳಿಯಲ್ಲಿ ಹೀಟರ್ ಹಚ್ಚದೆ, ಮನೆಯೊಳಗೇ ಮಂಕಿ ಕ್ಯಾಪ್ ಹಾಕಿಕೊಂಡು ಕೂರುವ ಮಹಾನುಭಾವರು ಪೌಂಡ್ ಕಳಿಸಲು ಹೊರಟರು.

"ಭಾವಾ, ಆಸ್ಟ್ರೇಲಿಯಾದಾಗ ಇರೋರಿಗೆ ಆ ಪಿಂಚಣಿ ವರ್ಷಾ ವರ್ಷಾ ಏರಂಗಿಲ್ಲಂತ" ಎಂದೆ.

"ಇಳಿಯಂಗೂ ಇಲ್ಲಲ್ಲ?" ಎಂದರು!

ಕಟ್ಟಿದ್ದು ವಸೂಲಾಗಬೇಕಾದರೆ ಬಹಳ ವರ್ಷ ಬದುಕಬೇಕಲ್ಲವೇ? ಹಾಗಾಗಿ ಮನೆಯಲ್ಲಿ ಆರೋಗ್ಯದ ಕಟ್ಟುನಿಟ್ಟು ಶುರುವಾಯಿತು. ಯಾರಿಗೆ? ಅಕ್ಕನಿಗೆ! ಬೆಳಗಿನ ವಾಕಿಂಗ್ ಅವಳಿಗೆ, ಉಪ್ಪಿನಕಾಯಿ ಬಂದ್ ಆದದ್ದೂ ಅವಳಿಗೇ. ಭಾವ ಮಾತ್ರ ಎರಡನೇ ಪ್ಲೇಟ್ ಮಿರ್ಚಿ ಭಜಿ ಮುಗಿಸುತ್ತಿದ್ದರು. ಪಿಂಚಣಿ ಒಬ್ಬರಿಗೆ, ಪಥ್ಯ ಇನ್ನೊಬ್ಬರಿಗೆ! ಈ ಕಥೆಯನ್ನು ಸಿಡ್ನಿಯಲ್ಲಿ ಎಷ್ಟು ಜನರಿಗೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ.

ಹೋದ ತಿಂಗಳು ಸಿಡ್ನಿಯ ರೌಸ್ ಹಿಲ್‌ನ ನನ್ನ ಮನೆಯಿಂದ ಅವರ ಮನೆಗೆ ಹೋಗಿದ್ದೆ. ಸಂಜೆ ಭಾವ ಇಂಗ್ಲೆಂಡಿನ ಕಚೇರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಕುಳಿತರು. ಒಂದೂಕಾಲು ಗಂಟೆ ಬರೀ ಸಂಗೀತ! ನಡುನಡುವೆ ರೆಕಾರ್ಡ್ ಮಾಡಿದ ದನಿ ನಿಮ್ಮ ಕರೆ ನಮಗೆ ಮುಖ್ಯ ಎಂದಾಗಲೆಲ್ಲ ಭಾವ, "ಥ್ಯಾಂಕ್ಯೂ ಮೇಡಂ" ಎನ್ನುತ್ತಿದ್ದರು. ಕೊನೆಗೂ ನಿಜವಾದ ಮನುಷ್ಯನೊಬ್ಬ ಸಿಕ್ಕ.

"ಏ, ಲಗೂ ಬಾ! ನಿನ್ನ ಹುಟ್ಟಿದ ತಾರೀಖು ಕೇಳಾಕತ್ತಾರ!" ಎಂದು ಭಾವ ಅಡುಗೆಮನೆಯತ್ತ ಕೂಗಿದರು.

ಹಿಟ್ಟಿನ ಕೈಯಲ್ಲೇ ಓಡಿಬಂದ ಅಕ್ಕ, ಗಡಿಬಿಡಿಯಲ್ಲಿ ಅವ್ವ ಹೇಳಿದ್ದ ನಿಜವಾದ ತಾರೀಖು ಹೇಳಿಬಿಟ್ಟಳು. ದಾಖಲೆಯಲ್ಲಿರುವುದು ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ದಯಪಾಲಿಸಿದ ಜೂನ್ ಒಂದು! ತಾಳೆಯಾಗಲಿಲ್ಲವೆಂದು ಆ ಮನುಷ್ಯ ಫೋನ್ ಇಟ್ಟೇಬಿಟ್ಟ.

ನಗಲು ಬಾಯಿ ತೆರೆದವನು ಅಲ್ಲೇ ನಿಂತೆ. ಅಕ್ಕನ ತಾರೀಖು ಯಾಕೆ?

ಅಕ್ಕನೂ ಅದನ್ನೇ ಕೇಳಿದಳು. "ಅಲ್ರೀ, ನನ್ನ ಹೆಸರ್ಲೆ ಯಾಕ?"

ಭಾವ ಫೋನಿನಿಂದ ಕಣ್ಣೆತ್ತಲಿಲ್ಲ. "ನನಗ ಇಲ್ಲಿ ನೌಕರಿ ಐತಿ, ರಿಟೈರ್ ಆದಮ್ಯಾಲೆ ಸೂಪರ್ ಫಂಡಿನ ರೊಕ್ಕ ಐತಿ. ನಿನ್ನ ಹೆಸರ್ಲೆ ಏನೈತಿ? ಏಳು ವರ್ಷ ಅಲ್ಲಿ ಆಸ್ಪತ್ರೆ ಅಡಿಗಿಮನ್ಯಾಗ ದುಡದಿ. ಆಮ್ಯಾಲೆ ಬಿಟ್ಟಿದ್ದು ನಮ್ಮ ಹುಡುಗರ ಸಲುವಾಗಿ. ಆ ವರ್ಷಾ ನಾನ ತುಂಬಬೇಕಲ್ಲ?"

ನನಗೆ ತಲೆಯೆತ್ತಲು ನಾಚಿಕೆಯಾಯಿತು. ಭಾವ ಮತ್ತೆ ನಂಬರ್ ಒತ್ತಿದರು, ಮತ್ತೆ ಅದೇ ಸಂಗೀತ. ಅಕ್ಕ ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡು ಅವರ ಪಕ್ಕದಲ್ಲಿ ಕುಳಿತು, "ಜೂನ್ ಒಂದು, ಜೂನ್ ಒಂದು" ಎಂದು ಬಾಯಿಪಾಠ ಮಾಡತೊಡಗಿದಳು.